ಒಲೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಬೇಡಿ

ಮೊದಲನೇ ಫೋಟೋ ನೋಡಿ "ಇದೇನು, ತಾಳಗುಂದದ ಶಾಸನನಾ?" ಅಂತ ಕೇಳ್ತೀರ, ಗೊತ್ತು. ಅಲ್ಲ ಮಾರಾಯ್ರೆ, ನಮ್ಮ ಬಚ್ಚಲೊಲೆ ಒಳಗಿನ ಇಟ್ಟಿಗೆ. ಅಡ್ಡಕ್ಕೊಂದು, ಉದ್ದಕ್ಕೆರಡು ಬಿರುಕು. ಇನ್ನೇನು ಅಡಿಕೆ ಬೇಯಿಸೋ ಕಾಲ ಬಂತು, ನಿಮ್ಮನೇಲೂ ಯಾರಾದ್ರೂ ಒಲೆ ಬಗ್ಗಿ ನೋಡಿ "ಒಂದು ಚೀಲ ಸಿಮೆಂಟ್ ತಗಂಬಾ" ಅಂದೇ ಅಂತಾರೆ.

ತರಬೇಡಿ. ದುಡ್ಡೂ ದಂಡ, ಒಲೆಯೂ ದಂಡ.

ಸಿಮೆಂಟ್ ಗಟ್ಟಿಯಾಗೋದೇ ನೀರನ್ನ ತನ್ನೊಳಗೆ ಕಟ್ಟಿಟ್ಟುಕೊಂಡು. ಬೆಂಕಿ ಆ ನೀರನ್ನೇ ಓಡಿಸುತ್ತೆ. ಆಮೇಲೆ ಅದು ಹಪ್ಪಳದ ಹಾಗೆ ಎದ್ದು ಬರುತ್ತೆ, ಜೊತೆಗೆ ಇಟ್ಟಿಗೆ ಚಕ್ಕೆಯನ್ನೂ ಎಳ್ಕೊಂಡು ಬರುತ್ತೆ.

ಒಲೆ ಇಟ್ಟಿಗೆ ದಿನಾ ಕಾವಿಗೆ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಕೂದಲೆಳೆ ಬಿರುಕು ಬಂದೇ ಬರುತ್ತೆ, ಅದನ್ನ ಹಾಗೇ ಬಿಡಿ. ಉಗುರು ಒಳಗೆ ಹೋಗೋಷ್ಟಿದ್ರೆ ಮಾತ್ರ ಕೆಲಸ. ಬೂದಿ, ಮಸಿ ಎಲ್ಲ ಕೆರೆದು ತೆಗೀರಿ. ಬಿರುಕನ್ನ ಒದ್ದೆ ಮಾಡಿ. ಹುತ್ತದ ಮಣ್ಣು, ಭತ್ತದ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ಗಟ್ಟಿಯಾಗಿ ಕಲಸಿ ಬೆರಳಲ್ಲಿ ಒಳಗೆ ಒತ್ತಿ. ಎರಡು ಮೂರು ದಿನ ತಾನೇ ಒಣಗಲಿ, ಆಮೇಲೆ ಸಣ್ಣ ಪುರಲೆ ಉರಿ. ಮೊದಲ ದಿನವೇ ದೊಡ್ಡ ಕುಂಟೆ ತುರುಕಿದ್ರೆ ಮತ್ತೆ ಬಿರಿಯುತ್ತೆ. ಇಟ್ಟಿಗೆ ಎರಡು ತುಂಡಾಗಿ ಅಲ್ಲಾಡ್ತಿದ್ರೆ ಅದೊಂದನ್ನೇ ಬದಲಿಸಿ.

ಫೈರ್ ಬ್ರಿಕ್ ಬೇಕಾ? ನಮ್ಮ ಜಿಲ್ಲೆಗೆ ಕುಲುಮೆ ಹೊಸದೇನಲ್ಲ, ಭದ್ರಾವತಿಯಲ್ಲಿ 1923ರಲ್ಲೇ ಮರದ ಇದ್ದಿಲಲ್ಲಿ ಕಬ್ಬಿಣ ಕರಗಿಸ್ತಿದ್ರು. ಆದ್ರೆ ಸ್ನಾನದ ನೀರಿಗೆ ಆ ಕಾವು ಯಾಕೆ? ಸುಟ್ಟ ಇಟ್ಟಿಗೆ ಸಾಕು. ಸುಗ್ಗೀಲಿ ಹಗಲೂ ರಾತ್ರಿ ಉರಿಯೋ ಅಡಿಕೆ ಒಲೆಗಾದ್ರೆ ಹಾಕಿಸಿ, ಬೇಡ ಅನ್ನಲ್ಲ.

"ಗ್ಯಾಸ್ ಇದೆಯಲ್ಲ" ಅನ್ನೋರಿಗೆ: 14.2 ಕೆಜಿ ಸಿಲಿಂಡರಲ್ಲಿ ಮನೆಮಂದಿಗೆಲ್ಲ ಹಂಡೆ ನೀರು ಕಾಯಿಸಿ ತೋರಿಸಿ, ಆಮೇಲೆ ಮಾತಾಡೋಣ. ಮಣ್ಣಿನ ಒಲೆ ಅಂದ್ರೆ ಹಿಂದುಳಿದೋರದ್ದು ಅನ್ನೋರಿಗೂ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ವಿಭಾಗದವರು, ಕಡಿಮೆ ಸೌದೆ ಉರಿದು ಹೊಗೆ ಕೊಳವೆಯಲ್ಲಿ ಹೊರಗೆ ಹೋಗೋ ಹಾಗೆ ಅಸ್ತ್ರ ಒಲೆ ಮಾಡಿದ್ರು. ವಿಜ್ಞಾನಿಗಳೇ ಕೂತು ತಲೆ ಕೆಡಿಸ್ಕೊಂಡ ವಿಷಯ ಇದು. ಆದ್ರೆ ಎಂಥ ಒಲೆಯಾದ್ರೂ ಬಿರುಕು ಬಿಟ್ರೆ ಹೊಗೆ ಕೊಳವೆ ತನಕ ಹೋಗಲ್ಲ, ಮುಂದೆ ಕೂತೋರ ಕಣ್ಣಿಗೆ ಬರುತ್ತೆ.

ಆ ಕೂತೋರು ಯಾರು? ಬಿಕಾಂ ಕ್ಲಾಸಲ್ಲಿ ರಿಪೇರಿ ಖರ್ಚನ್ನ ಯಾವ ಕಾಲಮ್ಮಿಗೆ ಬರೀಬೇಕು ಅಂತ ಬಾಯಿಪಾಠ ಮಾಡಿದ್ದೀವಿ. ಅಮ್ಮ ವರ್ಷ ವರ್ಷ ಮಣ್ಣು ಕಲಸಿ ಒಲೆ ಮೆತ್ತೋದು ಯಾವ ಲೆಡ್ಜರಿಗೂ ಬರಲ್ಲ. ಹೊಗೆ ಕುಡಿಯೋದೂ ಅವರೇ, ಮೆತ್ತೋದೂ ಅವರೇ, ಬಿಸಿನೀರು ಸ್ನಾನ ಮಾತ್ರ ಎಲ್ಲರದ್ದು. ಹುಡುಗ್ರಾ, ಈ ಭಾನುವಾರ ಕ್ರಿಕೆಟ್ಟಿಗೆ ಹೋಗೋ ಮುಂಚೆ ಒಂದು ಬುಟ್ಟಿ ಹುತ್ತದ ಮಣ್ಣು ತಂದು ನೀವೇ ಕಲಸಿ. ಹಾವಿಲ್ಲದ ಹಳೇ ಹುತ್ತ ನೋಡ್ಕೊಂಡು ತನ್ನಿ, ಆಮೇಲೆ ನನ್ನ ಬೈಬೇಡಿ.

ಇನ್ನೊಂದು. ಉರಿಯೋ ಒಲೆಗೆ ಚೊಂಬಲ್ಲಿ ನೀರು ಎರಚಿ ಆರಿಸಬೇಡಿ, ಕೆಂಪಗೆ ಕಾದ ಇಟ್ಟಿಗೆ ಸಿಡಿಯೋದೇ ಅದಕ್ಕೆ. ಕೊಳ್ಳಿ ಹೊರಗೆ ಎಳೆದು ಬೂದಿ ಮುಚ್ಚಿ.

ಮುಂದಿನ ಭಾಗ ಹೊಗೆ ಕೊಳವೆ ಬಗ್ಗೆ. ಸೊರಬದ ಕಡೆಯೋರೇ, ನೀವು ಮಣ್ಣಿಗೆ ಹೊಟ್ಟಿನ ಬದಲು ಏನು ಹಾಕ್ತೀರ? ಕಾಮೆಂಟಲ್ಲಿ ಹೇಳಿ.

#ಶಿಕಾರಿಪುರ #ಸೊರಬ #ಬಚ್ಚಲೊಲೆ #ಮಲೆನಾಡು