ಇಲ್ಲದ ಕಾಲಿನ ನೋವು, ಇರುವ ಕಾಲಿಗೆ ಸೂಜಿ

ಕಾಲು ತೆಗೆದ ಮೇಲೂ ಆ ಕಾಲಿನ ಹೆಬ್ಬೆರಳು ಉರಿಯುತ್ತದೆ, ಮೀನಖಂಡ ಹಿಂಡುತ್ತದೆ ಎಂದು ರೋಗಿ ಹೇಳಿದರೆ ಅದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ಸುಲಭ. ಅದು ಭ್ರಮೆಯಲ್ಲ. 16ನೇ ಶತಮಾನದಲ್ಲೇ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇದನ್ನು ಬರೆದಿಟ್ಟಿದ್ದ. ತುಂಡಾದ ನರದ ತುದಿ ಗಂಟುಕಟ್ಟಿ ಕಾರಣವಿಲ್ಲದೆ ಸಂಕೇತ ಕಳಿಸುತ್ತದೆ, ಬೆನ್ನುಹುರಿ ಅದನ್ನು ಹಿಗ್ಗಿಸುತ್ತದೆ, ಮಿದುಳಿನಲ್ಲಿ ಕಾಲಿನ ನಕ್ಷೆ ಅಳಿಯದೆ ಉಳಿದಿರುತ್ತದೆ. ಹಳೇ ಹುಬ್ಬಳ್ಳಿಯವರಿಗೆ ವಿದ್ಯಾನಗರದ ಕಿಮ್ಸ್ ಆಸ್ಪತ್ರೆಯ ಆವರಣದಲ್ಲಿರುವ ಮಹಾವೀರ ಲಿಂಬ್ ಸೆಂಟರಿನಲ್ಲಿ ಕೃತಕ ಕಾಲು ಸಿಗುತ್ತದೆ. ಅದರಿಂದ ನಡಿಗೆ ಮರಳಿ ಬರುತ್ತದೆ. ರಾತ್ರಿಯ ಉರಿಗೆ ಬೇರೆಯೇ ಉಪಾಯ ಬೇಕು. ನರನೋವಿನ ಮಾತ್ರೆಯಿಂದ ತಲೆಸುತ್ತು, ಮಂಪರು ಬಂದವರು ಅಕ್ಯುಪಂಕ್ಚರಿನ ಕಡೆ ತಿರುಗಿದರೆ ಅವರನ್ನು ಮೂಢರೆನ್ನಲಾಗದು.

ಈ ವಿದ್ಯೆಯ ನಂಟು ನಮ್ಮ ಗಡಿಯ ಹತ್ತಿರವೂ ಇದೆ. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದರು; ಅದೇ ತಂಡದ ಬಿ.ಕೆ. ಬಸು ಮುಂದೆ ಅಲ್ಲಿ ಅಕ್ಯುಪಂಕ್ಚರ್ ಕಲಿತು ಭಾರತಕ್ಕೆ ತಂದರು. ಆದರೆ ಗೌರವದ ಇತಿಹಾಸ ಪುರಾವೆಯಾಗುವುದಿಲ್ಲ. ಬೆನ್ನುನೋವು, ಮಂಡಿನೋವು, ತಲೆನೋವುಗಳ ಮೇಲೆ ಸುಮಾರು 20,000 ರೋಗಿಗಳ ಮಾಹಿತಿ ಕೂಡಿಸಿ ನೋಡಿದಾಗ ಹೋಲಿಕೆಗೆಂದು ಹಾಕಿದ ಹುಸಿ ಸೂಜಿಗಿಂತ ನಿಜ ಸೂಜಿ ತುಸು ಮೇಲು ಎಂದು ಕಂಡಿತು. ನರನೋವಿನ ವಿಷಯದಲ್ಲಿ 2017ರ ಕಾಕ್ರೇನ್ ಸಮೀಕ್ಷೆಗೆ ಸಿಕ್ಕಿದ್ದು 6 ಪ್ರಯೋಗ, 462 ಜನ. ಹೌದು ಅಥವಾ ಇಲ್ಲ ಎನ್ನಲು ಅಷ್ಟು ಸಾಲದೆಂದು ಅದು ತೀರ್ಮಾನಿಸಿತು. ಕಾಲು ಕಳೆದುಕೊಂಡವರ ಮೇಲಿನ ಅಧ್ಯಯನಗಳು ಇನ್ನೂ ಚಿಕ್ಕವು.

ಗುಣವಾಯಿತಲ್ಲ, ಹುಸಿಯೋ ನಿಜವೋ ಏಕೆ ಬೇಕು ಎಂದು ಕೇಳುವವರಿದ್ದಾರೆ. ನೋವಿನಲ್ಲಿರುವವರ ಬಾಯಲ್ಲಿ ಈ ಪ್ರಶ್ನೆಗೆ ಬೆಲೆಯಿದೆ. ಸೂಜಿ ಚುಚ್ಚಿದಾಗ ದೇಹದೊಳಗಿನ ನೋವುಶಾಮಕಗಳು ಬಿಡುಗಡೆಯಾಗುವುದಕ್ಕೆ 1970ರ ದಶಕದಿಂದಲೇ ಸಾಕ್ಷ್ಯವಿದೆ, ಆದ್ದರಿಂದ ಉಪಶಮನ ಸಿಕ್ಕವರದು ಕಟ್ಟುಕತೆಯೂ ಅಲ್ಲ. ನನ್ನ ತಕರಾರು ಬೇರೆ. ಇಂಥ ನೋವಿಗೆ ಸೂಜಿಯನ್ನು ಹೆಚ್ಚಾಗಿ ಉಳಿದಿರುವ ಕಾಲಿಗೇ ಹಾಕುತ್ತಾರೆ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹೋಗಿದ್ದರೆ ಇನ್ನೊಂದರಲ್ಲೂ ಸ್ಪರ್ಶ ಕುಂದಿರಬಹುದು, ರಕ್ತದ ಹರಿವು ಕಡಿಮೆಯಿರಬಹುದು. ಅಲ್ಲಿ ಆದ ಸಣ್ಣ ಗಾಯ ರೋಗಿಗೆ ತಿಳಿಯದೆ ಕೀವಾಗಬಲ್ಲದು. ಸಕ್ಕರೆ ಕಾಯಿಲೆಯಲ್ಲಿ ಕಾಲು ತೆಗೆಯುವ ಬಹುಪಾಲು ಪ್ರಕರಣಗಳು ಪಾದದ ಹುಣ್ಣಿನಿಂದಲೇ ಶುರುವಾಗುತ್ತವೆ. ಕಿವಿಗೋ ಕೈಗೋ ಸೂಜಿ ಹಾಕಬಹುದಲ್ಲ ಎಂದರೆ ಒಪ್ಪಬಹುದು. ಅದಕ್ಕೂ ಮೊದಲು ವೈದ್ಯರು ಮೋಟುಕಾಲನ್ನು ಮುಟ್ಟಿ ನೋಡಬೇಕು: ಒತ್ತಿದಲ್ಲಿ ಮಿಂಚು ಹೊಡೆದಂತಾದರೆ ನರದ ಗಂಟು, ಚರ್ಮ ಕೆಂಪಾಗಿದ್ದರೆ ಕೃತಕ ಕಾಲಿನ ಬಟ್ಟಲು ಸರಿ ಕೂತಿರಲಿಕ್ಕಿಲ್ಲ. ಇವೆರಡಕ್ಕೂ ಸೂಜಿ ಮದ್ದಲ್ಲ. ಎರಡೂ ಕಾಣದೆ, ಇಲ್ಲದ ಪಾದವೇ ನೋಯುತ್ತಿದ್ದರೆ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದ ಕನ್ನಡಿ ಚಿಕಿತ್ಸೆಯನ್ನು, ಅಂದರೆ ಇರುವ ಕಾಲಿನ ಪ್ರತಿಬಿಂಬವನ್ನು ಇಲ್ಲದ ಕಾಲಿನ ಜಾಗದಲ್ಲಿ ನೋಡುತ್ತ ಕಾಲಾಡಿಸುವುದನ್ನು, ಮೊದಲು ಮಾಡಿ ನೋಡಬಹುದು. ಅದಕ್ಕೆ ಬೇಕಾದ್ದು ಉದ್ದನೆಯದೊಂದು ಕನ್ನಡಿ, ದಿನಕ್ಕೆ ಕಾಲುಗಂಟೆ. ಚರ್ಮಕ್ಕೆ ಏನೂ ತಾಗುವುದಿಲ್ಲ.