ರಕ್ಷಣೆಯ ಹೆಸರಿನ ಭೀತಿ

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೂ ವಯನಾಡಿಗೂ ಹೋಗುವ ಹೆದ್ದಾರಿಗಳೆರಡೂ ಬಂಡೀಪುರದ ಅರಣ್ಯವನ್ನು ಹಾದುಹೋಗುತ್ತವೆ. 2009ರಲ್ಲಿ ಆರಂಭವಾಗಿ 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಎತ್ತಿಹಿಡಿದ ಆಜ್ಞೆಯಂತೆ, ಆಂಬುಲೆನ್ಸು ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳನ್ನುಳಿದು ಬೇರಾವ ವಾಹನವೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸಂಚರಿಸುವಂತಿಲ್ಲ. ತರಕಾರಿ ಲಾರಿಯವರಿಗೆ ಇದರಿಂದಾಗುವ ತೊಂದರೆ ಅಲ್ಪವೇನಲ್ಲ. ಕೇರಳದ ಆಕ್ಷೇಪವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಆದರೂ ಈ ನಿಷೇಧವು ನನಗೆ ಸಮ್ಮತ. ವಾಹನಕ್ಕೆ ಸಿಕ್ಕಿ ಸಾಯುವ ಮೃಗಗಳ ಪ್ರಾಣವೆಂಬ ಕಾರಣವನ್ನು ಬಹಿರಂಗವಾಗಿ ಹೇಳಿ, ವಿರೋಧಿಗಳ ವಾದಕ್ಕೂ ಕಿವಿಗೊಟ್ಟು, ಹುಣಸೂರು, ಗೋಣಿಕೊಪ್ಪಲುಗಳ ಮೂಲಕ ಬೇರೊಂದು ದಾರಿಯನ್ನೂ ತೋರಿಸಿಕೊಟ್ಟ ನಿಷೇಧವಿದು.

ನನ್ನ ತಕರಾರಿರುವುದು, ನಾಳೆ ಏನಾದರೂ ಆದರೆ ನನ್ನ ತಲೆಗೆ ಬಾರದಿರಲಿ ಎಂಬ ಏಕೈಕ ಚಿಂತೆಯಿಂದ ಹುಟ್ಟುವ ನಿಷೇಧಗಳ ಮೇಲೆ. ಹಂಗಳ, ಮಂಗಲ, ಕಣಿಯನಪುರಗಳಂಥ ಕಾಡಂಚಿನ ಊರುಗಳಲ್ಲಿ ಆನೆಗೆ ಹೆದರಿ ರಾತ್ರಿಯೆಲ್ಲ ಹೊಲ ಕಾಯುವ ತಂದೆಯ ಮಕ್ಕಳನ್ನು, ಹಗಲಿನಲ್ಲಿ ಒಂದು ಹಕ್ಕಿಯನ್ನೋ ಮರವನ್ನೋ ತೋರಿಸಲು ಎರಡು ಫರ್ಲಾಂಗು ಕರೆದೊಯ್ಯಬೇಕಾದರೆ ಮೇಷ್ಟರು ಅಳುಕುವರು. ಮೇಲಿನವರ ಅನುಮತಿ, ಪೋಷಕರ ಮುಚ್ಚಳಿಕೆ, ಎಲ್ಲವೂ ಬೇಕು. (ಅಜಾಗರೂಕತೆಯ ಅಪರಾಧದಿಂದ ಯಾರನ್ನೂ ಪಾರುಮಾಡಲಾರದ ಈ ಮುಚ್ಚಳಿಕೆಯ ಮೇಲೆ ನಮಗಿರುವ ಭಕ್ತಿ ಸೋಜಿಗದ್ದು.) ಅರಣ್ಯ ಇಲಾಖೆಯೇ ಚಿಣ್ಣರ ವನದರ್ಶನವೆಂಬ ಕಾರ್ಯಕ್ರಮವನ್ನು ನಡೆಸುತ್ತಿರುವುದರಿಂದ ಸರ್ಕಾರಕ್ಕೆ ಇಚ್ಛೆಯಿಲ್ಲವೆನ್ನಲಾಗದು, ಧೈರ್ಯವಿಲ್ಲದಿರುವುದು ರುಜು ಹಾಕಬೇಕಾದವರಿಗೆ.

ಈ ಭೀತಿಯು ನಿರಾಧಾರವೆಂದು ನಾನು ಹೇಳಲಾರೆ. ಅಜಾಗರೂಕತೆಯಿಂದ ಸಂಭವಿಸಿದ ಮರಣಕ್ಕೆ ಹಿಂದಿನ ದಂಡಸಂಹಿತೆಯು ಗರಿಷ್ಠ 2 ವರ್ಷಗಳ ಸೆರೆವಾಸವನ್ನು ವಿಧಿಸುತ್ತಿದ್ದಿತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು 5 ವರ್ಷಗಳಿಗೆ ಏರಿಸಿದೆ. ಅದೇ ವರ್ಷದ ಡಿಸೆಂಬರಿನಲ್ಲಿ, ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡಾಗ, ಜತೆಗಿದ್ದ ಶಿಕ್ಷಕರು ಮೊಕದ್ದಮೆಗೆ ಗುರಿಯಾದರು. ಅಂಥ ದುರಂತದಲ್ಲಿ ವಿಚಾರಣೆ ನಡೆಯಲೇಬೇಕು. ಆದರೆ ಅದೇ ಸಂಹಿತೆಯ 18ನೆಯ ಕಲಮಿನ ಪ್ರಕಾರ, ಕಾನೂನುಸಮ್ಮತವಾದ ಕಾರ್ಯವನ್ನು ದುರುದ್ದೇಶವಿಲ್ಲದೆ, ತಕ್ಕ ಎಚ್ಚರದಿಂದ ಮಾಡುತ್ತಿರುವಾಗ ಒದಗಿದ ಆಕಸ್ಮಿಕವು ಅಪರಾಧವೇ ಅಲ್ಲ. 106ನ್ನು ಬಾಯಿಪಾಠ ಮಾಡಿದ ಕಚೇರಿಗಳಲ್ಲಿ 18ನ್ನು ಓದಿದವರನ್ನು ನಾನು ಕಂಡಿಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಉದ್ಯಾನವೊಂದರ ಕೊಳಕ್ಕೆ ಧುಮುಕಿ ಅಂಗವಿಕಲನಾದ ತರುಣನ ಪರಿಹಾರದ ಬೇಡಿಕೆಯನ್ನು ಅಲ್ಲಿಯ ಅತ್ಯುನ್ನತ ನ್ಯಾಯಪೀಠವು 2003ರಲ್ಲಿ ತಿರಸ್ಕರಿಸಿತು. ಒಬ್ಬನ ದುಸ್ಸಾಹಸದ ನಿಮಿತ್ತ ಸಹಸ್ರಾರು ಜನರ ವಿಹಾರಸ್ಥಾನಕ್ಕೆ ಬೇಲಿ ಹಾಕಬೇಕಾಗಿಲ್ಲವೆಂಬುದು ಆ ತೀರ್ಪಿನ ಸಾರ.

ಅತಿರಕ್ಷಣೆಯಿಂದ ರಕ್ಷಿತವಾದ ವಸ್ತುವೇ ಕೆಡುವುದಕ್ಕೆ ನಿದರ್ಶನವು ಗುಂಡ್ಲುಪೇಟೆಯಿರುವ ಇದೇ ಚಾಮರಾಜನಗರ ಜಿಲ್ಲೆಯಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲಿಯೇ ಉದುರೆಲೆಗಳಿಗೆ ಕಿರಿದಾಗಿ ಹಚ್ಚುತ್ತಿದ್ದ ತರಗು ಬೆಂಕಿಯು, 1974ರಲ್ಲಿ ಅಭಯಾರಣ್ಯವಾದ ಬಳಿಕ ಅಪರಾಧವೆನಿಸಿತು. ಅಂದಿನಿಂದಲೇ ಲಂಟಾನದ ಪೊದೆಯು ಆಳೆತ್ತರ ಬೆಳೆದು ಹುಲ್ಲನ್ನು ನುಂಗಿತೆಂದು ಹಿರಿಯ ಸೋಲಿಗರು ಹೇಳುವುದನ್ನು ಸಂಶೋಧಕರಲ್ಲಿಯೂ ಹಲವರು ಒಪ್ಪುವರು. 2011ರಲ್ಲಿ ಸೋಲಿಗರಿಗೆ ಹುಲಿ ಸಂರಕ್ಷಿತಾರಣ್ಯದೊಳಗೇ ಸಮುದಾಯ ಹಕ್ಕುಗಳು ದೊರೆತರೂ ಆ ಬೆಂಕಿಯು ಮರಳಿ ಬರಲಿಲ್ಲ. ಬೆಂಕಿಯನ್ನು ನಿಷೇಧಿಸಿದ್ದ ಬಂಡೀಪುರದಲ್ಲಿ 2019ರ ಫೆಬ್ರುವರಿಯ ಕಾಳ್ಗಿಚ್ಚು 4,000 ಹೆಕ್ಟೇರಿಗೂ ಮಿಕ್ಕ ಅರಣ್ಯವನ್ನು ದಹಿಸಿತು; ಒಣಗಿದ ಲಂಟಾನವೇ ಅದಕ್ಕೆ ಇಂಧನವಾಯಿತು.

ಶಿಕ್ಷಣ ಮತ್ತು ಅರಣ್ಯ ಇಲಾಖೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೊರಸಂಚಾರದಲ್ಲಿ ಶಿಕ್ಷಕರು ವಹಿಸಬೇಕಾದ ಎಚ್ಚರಿಕೆಗಳನ್ನು ಒಂದೇ ಪುಟದಲ್ಲಿ ಬರೆದುಕೊಡಿರಿ, ಅವನ್ನು ಪಾಲಿಸಿದವರ ಮೇಲೆ ಮೊಕದ್ದಮೆ ಹೂಡಲ್ಪಟ್ಟರೆ ಇಲಾಖೆಯ ಖರ್ಚಿನಲ್ಲಿಯೇ ವಕೀಲರನ್ನು ನೇಮಿಸುವುದಾಗಿ ಆದೇಶ ಹೊರಡಿಸಿರಿ. ತಂದೆತಾಯಿಗಳೂ, ಮಗುವು ಮೊಣಕಾಲು ತರಚಿಕೊಂಡು ಬಂದ ದಿನ ಶಾಲೆಗೆ ಜಗಳಕ್ಕೆ ಹೋಗದಿರಲಿ.