ಮೀಟರಿಗೆಷ್ಟು ದಾನ?

ದಹಾಬ್‌ನಿಂದ ವಾಪಸ್ ಬಂದು ಮೂರು ವಾರ ಆಯ್ತು. ಆಫೀಸಲ್ಲಿ, ಫೋನಲ್ಲಿ, ಮದುವೆ ಮನೇಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಆಳ ಹೋದೆ?" 18 ಮೀಟರ್ ಅಂದರೆ ಕೆಲವರು "ಅಬ್ಬಾ!" ಅಂತಾರೆ. ಗೂಗಲ್ ಮಾಡಿಕೊಂಡು ಬಂದವರು "ಅಷ್ಟೇನಾ?" ಅಂತಾರೆ :) ಎಷ್ಟು ದುಡ್ಡು ಸೇರಿತು, ಅದನ್ನ ಏನ್ ಮಾಡ್ತೀರಾ ಅಂತ ಕೇಳಿದವರು ನಮ್ಮ ದೊಡ್ಡಪ್ಪ ಒಬ್ಬರೇ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ನಾವು ನಾಲ್ಕು ಜನ ಸಹೋದ್ಯೋಗಿಗಳು ಈಜಿಪ್ಟಿನ ಸಿನಾಯ್ ತೀರದ ದಹಾಬ್ ಅನ್ನೋ ಪುಟ್ಟ ಊರಿಗೆ ಫ್ರೀಡೈವಿಂಗ್ ಕಲಿಯೋಕೆ ಹೋಗಿದ್ವಿ. ಅಂದರೆ ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರಲ್ಲಿ ಆಳಕ್ಕಿಳಿದು ಮೇಲೆ ಬರೋದು. ಅದನ್ನೇ ನೆಪ ಮಾಡಿಕೊಂಡು ಹಳ್ಳಿ ಮಕ್ಕಳಿಗೆ ಈಜು ಕಲಿಸೋ ಕೆಲಸಕ್ಕೆ ಚಂದಾ ಎತ್ತಿದ್ವಿ. ಟಿಕೆಟ್ಟು, ರೂಮು, ಕೋರ್ಸಿನ ಫೀಸು ಎಲ್ಲಾ ನಮ್ಮ ನಮ್ಮ ಜೇಬಿಂದ. ಚಂದಾ ದುಡ್ಡು ಮುಟ್ಟೋ ಹಾಗಿಲ್ಲ ಅಂತ ಮೊದಲೇ ಮಾತಾಗಿತ್ತು.

ಹೊರಡೋ ಮುಂಚೆ ಆಫೀಸಿನ ಕೆಲವರು "ಮೀಟರಿಗೆ ಇಷ್ಟು ಅಂತ ಕೊಡ್ತೀವಿ ಕಣ್ರೋ, ಆಳ ಹೋದಷ್ಟೂ ಲಾಭ" ಅಂದಿದ್ದರು. ಓಟದಲ್ಲಿ ಕಿಲೋಮೀಟರಿಗೆ ಇಷ್ಟು ಅಂತ ಕೊಡ್ತಾರಲ್ಲ, ಹಾಗೆ. ನಾವು ಬೇಡ ಅಂದ್ವಿ. ಆಗ ಅದಕ್ಕೆ ಕಾರಣ ಸರಿಯಾಗಿ ಹೇಳೋಕೆ ಬಂದಿರಲಿಲ್ಲ. ಈಗ ಬರುತ್ತೆ.

ಓಡೋವನಿಗೆ ಸುಸ್ತಾದರೆ ರಸ್ತೆ ಪಕ್ಕ ಕೂತ್ಕೋಬಹುದು. ಇಲ್ಲಿ ಇನ್ನು ಸಾಕು ಅನ್ನಿಸಿದ ಮೇಲೂ ಇಳಿದಷ್ಟೇ ದೂರ ವಾಪಸ್ ಬರಬೇಕು, ಅದೂ ಉಳಿದಿರೋ ಉಸಿರಲ್ಲೇ. 2013ರ ನವೆಂಬರ್‌ನಲ್ಲಿ ಬಹಾಮಾಸ್‌ನ ಡೀನ್ಸ್ ಬ್ಲೂ ಹೋಲ್‌ನಲ್ಲಿ ಅಮೆರಿಕದ ನಿಕೊಲಸ್ ಮೆವೋಲಿ 72 ಮೀಟರ್ ದಾಖಲೆಗೆ ಇಳಿದಿದ್ದರು. 68 ಮೀಟರ್ ಹತ್ತಿರ ತಿರುಗಿ ಬರುವಂತೆ ಕಂಡವರು ಮತ್ತೆ ಕೆಳಕ್ಕೇ ಹೋದರು. ಗುರಿ ಮುಟ್ಟಿದರು, ಮೇಲೂ ಬಂದರು. ಆಮೇಲೆ ಪ್ರಜ್ಞೆ ತಪ್ಪಿತು, ಬದುಕಲಿಲ್ಲ. ಅಂಥ ಪಳಗಿದವರ ಕಥೆಯೇ ಹೀಗೆ. ಇನ್ನು ಒಂದು ವಾರದ ಕೋರ್ಸು ಮಾಡಿದವನ ಮುಂದೆ "ಇನ್ನು ನಾಲ್ಕು ಮೀಟರ್ ಹೋದ್ರೆ ಮಕ್ಕಳಿಗೆ ಇಷ್ಟು ದುಡ್ಡು" ಅಂತ ಆಸೆ ಒಡ್ಡೋದು ದಾನ ಹೇಗಾಗುತ್ತೆ? ದಹಾಬ್‌ನ ಬ್ಲೂ ಹೋಲ್ ದಡದ ಬಂಡೆಗಳ ಮೇಲೆ ಅಲ್ಲಿ ಸತ್ತವರ ಹೆಸರಿನ ಫಲಕಗಳಿವೆ. ಹೆಚ್ಚಿನವರು ಸಿಲಿಂಡರ್ ಕಟ್ಟಿಕೊಂಡು ಇಳಿದವರು. ಅದನ್ನ ಓದಿಕೊಂಡೇ ನೀರಿಗಿಳಿಯಬೇಕು.

ಈ ಆಟದ ಸ್ಪರ್ಧೆಗಳಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಒಂದಿದೆ. ನೀವು ನೂರು ಮೀಟರ್ ಹೋಗಿ ಬಂದಿರಿ ಅಂತಿಟ್ಟುಕೊಳ್ಳಿ. ಮೇಲೆ ಬಂದ 15 ಸೆಕೆಂಡಿನೊಳಗೆ ಮಾಸ್ಕ್ ತೆಗೆದು, ಬೆರಳಲ್ಲಿ ಓಕೆ ಸನ್ನೆ ಮಾಡಿ, ಎಚ್ಚರವಾಗಿದ್ದೀನಿ ಅಂತ ತೋರಿಸಬೇಕು. ಆಗಲಿಲ್ಲ ಅಂದರೆ ಕೆಂಪು ಕಾರ್ಡು. ನೂರು ಮೀಟರೂ ಸೊನ್ನೆ! ನಮ್ಮ ಭಾಷೇಲಿ ಹೇಳೋದಾದರೆ, ಎಷ್ಟು ಸಾವಿರ ಸಾಲು ಕೋಡ್ ಬರೆದಿರಿ ಅನ್ನೋದಲ್ಲ, ಪ್ರೊಡಕ್ಷನ್‌ನಲ್ಲಿ ಓಡ್ತಾ ಇದೆಯಾ ಅನ್ನೋದು ಲೆಕ್ಕ.

ದಾನದ ಹೆಸರಲ್ಲಿ ಮಾಡೋ ಸಾಹಸಗಳಿಗೂ ಇದೇ ನಿಯಮ ಇರಬೇಕು ಅನ್ನೋದು ನನ್ನ ವಾದ. ನಾವು ಫೋಟೋ ಹಾಕಿದ್ದು, ಲೈಕ್ ಬಂದಿದ್ದು, ಚೆಕ್ ಬರೆದಿದ್ದು, ಎಲ್ಲಾ ನೀರೊಳಗಿನ ಮೀಟರುಗಳು. ಬೇಸಿಗೆ ರಜೇಲಿ ನಮ್ಮ ತಾಲ್ಲೂಕಿನ ಮಕ್ಕಳು ಈಜು ಕಲಿತರೆ ಅದು ಓಕೆ ಸನ್ನೆ. ಅಲ್ಲೀವರೆಗೂ ನಮ್ಮ ಕಾರ್ಡು ಬಿಳಿಯೂ ಅಲ್ಲ, ಕೆಂಪೂ ಅಲ್ಲ.

ದೊಡ್ಡಪ್ಪ ಕೇಳಿದ್ದು ಇನ್ನೂ ನೇರವಾಗಿತ್ತು. "ಈಜು ಕಲಿಸೋಕೆ ಈಜಿಪ್ಟಿಗೆ ಯಾಕೋ ಹೋಗ್ಬೇಕಿತ್ತು? ಆ ಟಿಕೆಟ್ ದುಡ್ಡನ್ನೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ನಾನು ಹೇಳಿದೆ, "ಪ್ರವಾಸ ನಮ್ಮ ಖುಷಿಗೆ ದೊಡ್ಡಪ್ಪ, ಅದನ್ನ ಸೇವೆ ಅಂತ ಹೇಳಿಕೊಳ್ಳಲ್ಲ. ಆದ್ರೆ ಸುಮ್ನೆ ಕೇಳಿದ್ರೆ ಯಾರೂ ಕೊಡಲ್ಲ, ಹೀಗೆ ಏನಾದ್ರೂ ಮಾಡ್ತೀವಿ ಅಂದ್ರೆ ಕೊಡ್ತಾರೆ." ಅವರು ಒಪ್ಪಲಿಲ್ಲ. ಆದರೆ ಸ್ವಲ್ಪ ಹೊತ್ತು ಬಿಟ್ಟು ತಾವೇ ಎರಡು ಸಾವಿರ ಕೊಟ್ಟರು!

ಅವರು ಕೊಟ್ಟಿದ್ದಕ್ಕೆ ಕಾರಣ ಇದೆ. ನಮ್ಮೂರ ಕೆರೇಲಿ ಮಣ್ಣು ತೆಗೆಯೋಕೆ ಅಂತ ಜೆಸಿಬಿ ಬಗೆದ ಗುಂಡಿಗಳಿವೆ. ಮಳೆ ಬಂದು ತುಂಬಿದ ಮೇಲೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳುದ್ದ ಅಂತ ಗೊತ್ತೇ ಆಗಲ್ಲ. ಅಲ್ಲಿ ಎಮ್ಮೆ ಮೈ ತೊಳೆಯೋಕೆ ಹೋದ ಹುಡುಗ ಮುಳುಗಿದ, ಅವನನ್ನ ಎತ್ತೋಕೆ ಹಾರಿದ ಗೆಳೆಯನೂ ಮುಳುಗಿದ. ಇದು ನಮ್ಮೂರ ಕಥೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳಲ್ಲಿ.

ಹಾಗಂತ ದಹಾಬ್‌ನಿಂದ ತಂದಿದ್ದು ಏನೂ ಇಲ್ಲ ಅಂತಲ್ಲ. ನಮ್ಮ ಹುಡುಗರು ಬಾವೀಲಿ "ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ" ಅಂತ ಪಂದ್ಯ ಕಟ್ತಾರಲ್ಲ, ಅದಕ್ಕೆ ಮುಂಚೆ ಬುಸಬುಸ ಅಂತ ಜೋರಾಗಿ ಉಸಿರಾಡ್ತಾರೆ. ಅದರಿಂದ ಆಮ್ಲಜನಕ ಹೆಚ್ಚಾಗೋದು ಅಷ್ಟಕ್ಕಷ್ಟೇ, ಕಡಿಮೆಯಾಗೋದು ಇಂಗಾಲದ ಡೈಆಕ್ಸೈಡ್. "ಉಸಿರು ಬೇಕು" ಅಂತ ಮೆದುಳಿಗೆ ಮುಖ್ಯವಾಗಿ ಎಚ್ಚರಿಕೆ ಕೊಡೋದು ಅದೇ. ಎಚ್ಚರಿಕೆ ಬರೋದರೊಳಗೆ ಆಮ್ಲಜನಕ ಮುಗಿದು, ಗೊತ್ತೇ ಆಗದೆ ಪ್ರಜ್ಞೆ ಹೋಗಿಬಿಡುತ್ತೆ. ಅದಕ್ಕೇ ಕೋರ್ಸಿನ ಮೊದಲ ದಿನವೇ ಎರಡು ಮಾತು: ಹಾಗೆ ಉಸಿರಾಡಬೇಡಿ, ಒಬ್ಬರೇ ಯಾವತ್ತೂ ಮುಳುಗಬೇಡಿ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದ್ದೂ ಇದೇ. ಜೊತೆಗೆ ಇನ್ನೊಂದು: ಯಾರಾದ್ರೂ ಮುಳುಗ್ತಿದ್ರೆ ಹಾರಬೇಡಿ. ಹಗ್ಗ, ಪಂಚೆ, ಮುಚ್ಚಳ ಬಿಗಿಯಾಗಿರೋ ಖಾಲಿ ಎಣ್ಣೆ ಕ್ಯಾನು, ಏನು ಸಿಗುತ್ತೋ ಅದನ್ನ ಎಸೆಯಿರಿ.

ಹಾಗಾಗಿ ಮುಂದಿನ ಸಲ ಯಾರಾದ್ರೂ ಬೆಟ್ಟ ಹತ್ತೀವಿ, ಸೈಕಲ್ ತುಳೀತೀವಿ, ಸಮುದ್ರಕ್ಕಿಳೀತೀವಿ ಅಂತ ಚಂದಾ ಕೇಳಿದರೆ ದಯವಿಟ್ಟು ಕೊಡಿ. ಆದರೆ ಮೀಟರ್ ಲೆಕ್ಕ ಕಟ್ಟಬೇಡಿ. ಅವರ ಖರ್ಚು ಯಾರದ್ದು ಅಂತ ಕೇಳಿ. ಆರು ತಿಂಗಳು ಬಿಟ್ಟು ಫೋನ್ ಮಾಡಿ "ಕೆಲಸ ಎಲ್ಲಿಗೆ ಬಂತು?" ಅಂತ ಕೇಳಿ. ನನಗೂ ಕೇಳಿ, ಜೂನ್‌ನಲ್ಲಿ.

ಅಂದಹಾಗೆ, ನಮ್ಮ ಕಡೆ ಹಿಂದೆ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸೋರು. ನಿಮ್ಮೂರಲ್ಲಿ ಮಕ್ಕಳಿಗೆ ಈಜು ಹೇಗೆ ಕಲಿಸ್ತಾರೆ? ಹೆಣ್ಣುಮಕ್ಕಳಿಗೂ ಕಲಿಸ್ತಾರಾ? ತಿಳಿಸಿ. ಶಿಬಿರಕ್ಕೆ ಉಪಯೋಗಕ್ಕೆ ಬರುತ್ತೆ.